‘ಬ್ರಾಡ್‌ಕಾಸ್ಟ್’: ಹೊಲದಿಂದ ರೇಡಿಯೋವರೆಗೆ

‘ಬ್ರಾಡ್‌ಕಾಸ್ಟ್’ ಮೊದಲಿಗೆ ಬೇಸಾಯದ ಪದವಾಗಿತ್ತು ಎಂಬುದರಲ್ಲಿ ವಿವಾದವಿಲ್ಲ. ಮಾಧ್ಯಮ ಚರಿತ್ರೆಯ ಪಠ್ಯಗಳು ಉಳಿದ ಕಥೆಯನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತವೆ: ಒಕ್ಕಲಿಗರ ಪುರಾತನ ಪದವೊಂದನ್ನು ರೇಡಿಯೋದವರು ರೂಪಕವಾಗಿ ಎತ್ತಿಕೊಂಡರು. ಈ ಹೇಳಿಕೆಯ ಎರಡು ತುದಿಗಳೂ ಸಡಿಲ. ಪದ ಪುರಾತನವಲ್ಲ, ರೂಪಕವೂ ರೇಡಿಯೋದವರದಲ್ಲ.

ಮೊದಲು ಕಾಲದ ಪ್ರಶ್ನೆ. ಹೆಗಲಿಗೆ ಬುಟ್ಟಿ ತೂಗುಹಾಕಿ, ಹೆಜ್ಜೆಗೊಂದು ಹಿಡಿಯಂತೆ ಕಾಳು ಎರಚುತ್ತ ಹೊಲದುದ್ದ ನಡೆಯುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹಳ ಹಳೆಯದು. ಆದರೆ ಈ ಪದಕ್ಕೆ ನಿಘಂಟುಗಳು ಕೊಡುವ ಮೊದಲ ಪ್ರಯೋಗ 1767ರದು. 1611ರ ಇಂಗ್ಲಿಷ್ ಬೈಬಲಿನ ಬಿತ್ತುವವನ ಸಾಮ್ಯದಲ್ಲಿ ಕಾಳು ದಾರಿಯ ಮಗ್ಗುಲಿಗೆ, ಕಲ್ಲುನೆಲಕ್ಕೆ, ಮುಳ್ಳುಗಳ ನಡುವೆ ಬೀಳುತ್ತದೆ. ಎರಚಿ ಬಿತ್ತಿದರೆ ಮಾತ್ರ ಹಾಗಾಗಲು ಸಾಧ್ಯ. ಆದರೂ ಅಲ್ಲಿರುವುದು ಬರೀ ‘ಬಿತ್ತು’ ಎಂಬರ್ಥದ ಸಾಮಾನ್ಯ ಕ್ರಿಯಾಪದ. ಬಿತ್ತುವುದೆಂದರೆ ಎರಚುವುದೇ ಆಗಿದ್ದಾಗ ಅದಕ್ಕೊಂದು ಬೇರೆ ಹೆಸರು ಯಾರಿಗೂ ಬೇಕಿರಲಿಲ್ಲ.

ಬೇಕಾದದ್ದು ಜೆತ್ರೊ ಟಲ್‌ನ ನಂತರ. ಸುಮಾರು 1701ರಲ್ಲಿ ಆತ ರೂಪಿಸಿದ ಬಿತ್ತನೆ ಯಂತ್ರ ಕಾಳನ್ನು ಸಾಲಿನಲ್ಲಿ, ಒಂದೇ ಆಳಕ್ಕೆ ಇಳಿಸುತ್ತಿತ್ತು. ಸಾಲುಗಳ ನಡುವೆ ಕುದುರೆ ಕಟ್ಟಿ ಕಳೆ ತೆಗೆಯಬಹುದಿತ್ತು. 1731 ಮತ್ತು 1733ರಲ್ಲಿ ಅವನ ಗ್ರಂಥ ಹೊರಬಂದ ಮೇಲೆ ಸಾಲುಬಿತ್ತನೆ ಮೇಲೋ ಎರಚುವುದು ಮೇಲೋ ಎಂಬ ಚರ್ಚೆ ಕೃಷಿ ಬರಹಗಳಲ್ಲಿ ದಶಕಗಟ್ಟಲೆ ನಡೆಯಿತು. ಹೊಸದಕ್ಕೆ ಹೆಸರಿತ್ತು, ಹಳೆಯದಕ್ಕೆ ಇರಲಿಲ್ಲ. ಆ ಕೊರತೆ ತುಂಬಿದ್ದೇ ‘ಬ್ರಾಡ್‌ಕಾಸ್ಟ್’ ಎಂದು ತಿಳಿಯುವುದು ಸಮಂಜಸ. ಸಾಲುಬಿತ್ತನೆ ಯುರೋಪಿನ ಹೊಸ ಶೋಧವೆಂಬ ಅಂದಿನ ನಂಬಿಕೆ ಮಾತ್ರ ಬೇರೆಯೇ ತಪ್ಪು. ದಕ್ಷಿಣ ಭಾರತದಲ್ಲಿ ಅದು ರೂಢಿಯಲ್ಲಿರುವುದನ್ನು ಕಂಡು ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ 1790ರ ದಶಕದಲ್ಲಿ ಬೆರಗಿನಿಂದ ವರದಿ ಮಾಡಿದ. 1807ರಲ್ಲಿ ಅಚ್ಚಾದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಗ್ರಂಥದಲ್ಲಿ ಮೈಸೂರು ಸೀಮೆಯ ಕೂರಿಗೆ ದಾಖಲಾಗಿದೆ.

ಪದದ ರಚನೆಯೂ ಇದೇ ದಿಕ್ಕನ್ನು ತೋರುತ್ತದೆ. ‘ಬ್ರಾಡ್’ ಹಳೆಯ ಇಂಗ್ಲಿಷಿನದು. ‘ಕಾಸ್ಟ್’ ಸ್ಕಾಂಡಿನೇವಿಯಾದ ನಾರ್ಸ್ ಭಾಷೆಯಿಂದ ಬಂದ, ಎಸೆ ಎಂಬರ್ಥದ ಧಾತು. ಇಲ್ಲಿ ಅದು ಭೂತಕೃದಂತ: ಅಗಲಕ್ಕೆ ಎಸೆಯಲಾದ. ಹುಟ್ಟಿದ್ದು ವಿಶೇಷಣವಾಗಿ, ಅಂದರೆ ಒಂದು ಬಗೆಯ ಬಿತ್ತನೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತಾಗಿ. ಕ್ರಿಯಾಪದವಾಗಿ ಅದು ಸಿಗುವುದು 1813ಕ್ಕೆ. 1920ರ ದಶಕದಲ್ಲಿ ಭೂತರೂಪ ‘ಬ್ರಾಡ್‌ಕಾಸ್ಟ್’ ಆಗಬೇಕೋ ‘ಬ್ರಾಡ್‌ಕಾಸ್ಟೆಡ್’ ಆಗಬೇಕೋ ಎಂದು ಬರಹಗಾರರು ತಡವರಿಸಿದ್ದಕ್ಕೂ ಕಾರಣ ಇಲ್ಲಿಯೇ ಇದೆ. ವಿಶೇಷಣದಿಂದಾದ ಹೊಸ ಕ್ರಿಯಾಪದವೆಂದು ಬಗೆದವರು ಪ್ರತ್ಯಯ ಹಚ್ಚಿದರು. ‘ಕಾಸ್ಟ್’ ಧಾತುವಿನ ಹಳೆಯ ನಡೆ ನೆನಪಿದ್ದವರು ಹಚ್ಚಲಿಲ್ಲ.

ರೂಪಕದ ಪ್ರಶ್ನೆ ಇಷ್ಟು ದೀರ್ಘ ಚರ್ಚೆ ಬೇಡುವುದಿಲ್ಲ. ಆಲಂಕಾರಿಕ ಪ್ರಯೋಗ 1785ರಲ್ಲೇ ಇದೆ, ಕ್ರಿಯಾಪದಕ್ಕೆ ಆ ಅರ್ಥ 1829ರ ಹೊತ್ತಿಗೆ ಬಂದಿದೆ. ಸುದ್ದಿ, ವದಂತಿ, ವಿಚಾರಗಳನ್ನು ಎಲ್ಲೆಡೆ ಹರಡುವುದಕ್ಕೆ ರೇಡಿಯೋಗಿಂತ ಮುನ್ನವೇ ಈ ಪದ ಸಲ್ಲುತ್ತಿತ್ತು. ಲ್ಯಾಟಿನ್ ಮೂಲದ ‘ಡಿಸೆಮಿನೇಟ್’ನ ಒಡಲಲ್ಲಿರುವುದೂ ಬೀಜವೇ.

1921ರ ಸುಮಾರಿಗೆ ರೇಡಿಯೋ ಅರ್ಥ ಕಾಣಿಸಿಕೊಂಡಾಗ ನಡೆದದ್ದು ಹೊಲದಲ್ಲಿ ನಡೆದುದರ ಪುನರಾವೃತ್ತಿ. ಮಾರ್ಕೋನಿ ಕಾಲದ ನಿಸ್ತಂತು ತಂತಿ ಒಂದು ಠಾಣೆಯಿಂದ ಇನ್ನೊಂದಕ್ಕೆ ಸಂದೇಶ ಮುಟ್ಟಿಸುವ ಸಾಧನ. ಬೇರೆಯವರೂ ಕೇಳಬಲ್ಲರೆಂಬುದು ಅದರ ದೋಷವೆನಿಸಿತ್ತು. 1920ರ ನವೆಂಬರ್ 2ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಕೇಳುವವರಿಗೆಲ್ಲ ಸಾರಿತು. ಆ ದೋಷವೇ ಇಲ್ಲಿ ಉದ್ದೇಶವಾಯಿತು. ಗುರಿಯಿಟ್ಟು ಕಳಿಸುವುದಕ್ಕೂ ಎಲ್ಲರತ್ತ ಎರಚುವುದಕ್ಕೂ ಇರುವ ಭೇದ ಮತ್ತೆ ಹೆಸರು ಬೇಡಿತು. 1922ರಲ್ಲಿ ಬಿಬಿಸಿ ಸ್ಥಾಪನೆಯಾದಾಗ ಪದ ಸಂಸ್ಥೆಯ ಹೆಸರನ್ನೇ ಸೇರಿತು.

ಕನ್ನಡದಲ್ಲಿ ಇದಕ್ಕೆ ಸಲ್ಲುವ ‘ಬಿತ್ತರಿಸು’ ಪದವನ್ನು ‘ಬಿತ್ತು’ ಧಾತುವಿಗೆ ಗಂಟುಹಾಕಿ, ಇಂಗ್ಲಿಷಿನ ಪಡಿಯಚ್ಚೆಂದು ಹೊಗಳುವುದುಂಟು. ಹೊಗಳಿಕೆ ಸೊಗಸಾಗಿದೆ, ಆಧಾರವಿಲ್ಲ. ವಿಜ್ಞಾಪನ ‘ಬಿನ್ನಪ’ವಾದಂತೆ ಆದಿಯ ವಕಾರ ಬಕಾರವಾಗಿ, ಪುಸ್ತಕ ‘ಹೊತ್ತಗೆ’ಯಾದಂತೆ ಸ್ತಕಾರ ತ್ತಕಾರವಾಗಿ, ಸಂಸ್ಕೃತದ ವಿಸ್ತರ ‘ಬಿತ್ತರ’ವಾಗಿದೆ. ದ್ರಾವಿಡ ಧಾತುವಾದ ‘ಬಿತ್ತು’ವಿಗೂ ಅದಕ್ಕೂ ನಂಟಿಲ್ಲ. ವಿವರವಾಗಿ ವರ್ಣಿಸು ಎಂಬ ಅರ್ಥದಲ್ಲಿ ಹಳೆಯ ಕಾವ್ಯಗಳಲ್ಲಿದ್ದ ಪದ ರೇಡಿಯೋ ಬಂದಾಗ ಹೊಸ ಕೆಲಸಕ್ಕೆ ನಿಂತಿತು, ಅಷ್ಟೆ.

ಇಂಗ್ಲಿಷಿನಲ್ಲಿ ಪದ ಮುಂದೆ ತುಂಡಾಯಿತು. ಟೆಲಿಕಾಸ್ಟ್, ಸೈಮಲ್‌ಕಾಸ್ಟ್‌ಗಳಲ್ಲಿ ‘ಕಾಸ್ಟ್’ ಕೇವಲ ಪ್ರತ್ಯಯ. 1967ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೆ.ಸಿ.ಆರ್. ಲಿಕ್‌ಲೈಡರ್ ‘ನ್ಯಾರೋಕಾಸ್ಟಿಂಗ್’ ಎಂದಾಗ ವಿರೋಧಪದವೂ ದೊರೆಯಿತು. ಈ ಸಲ ಹೆಸರು ಹುಡುಕಿಕೊಳ್ಳಬೇಕಾದದ್ದು ಕಿರಿದಾದ ಪ್ರಸಾರ. 2004ರ ಪತ್ರಿಕಾ ಬರಹವೊಂದರಲ್ಲಿ ಬೆನ್ ಹ್ಯಾಮರ್ಸ್‌ಲಿ ‘ಪಾಡ್‌ಕಾಸ್ಟಿಂಗ್’ ಎಂಬ ಹೆಸರು ಸೂಚಿಸುವ ವೇಳೆಗೆ, ಯಾರೂ ಎರಚದೆ, ಕೇಳುಗನೇ ಬಂದು ಆಯ್ದುಕೊಳ್ಳುವ ಧ್ವನಿಮುದ್ರಣಕ್ಕೂ ಆ ಪ್ರತ್ಯಯ ಅಂಟಿಕೊಂಡಿತ್ತು.