ಗುದ್ದಲಿ, ಮಗ್ಗ ಮತ್ತು ಸರ್ಕಾರ: ಕಲಾದಗಿ ಸೀಮೆಯಲ್ಲಿ ನಿರುದ್ಯೋಗ ಪರಿಹಾರದ ಚರಿತ್ರೆ

ಪ್ರಸ್ತಾವನೆ

ಕೆಲಸ ಕಳೆದುಕೊಂಡವರಿಗೆ ಸರ್ಕಾರ ಕೆಲಸ ಕೊಡಬೇಕೆಂಬ ವಿಚಾರವನ್ನು ಇತ್ತೀಚಿನ ಕಲ್ಯಾಣ ಯೋಜನೆಗಳ ಕೊಡುಗೆ ಎಂದು ಭಾವಿಸುವುದು ರೂಢಿ. ಘಟಪ್ರಭೆಯ ದಂಡೆಯ ಕಲಾದಗಿಯನ್ನು ಕೇಂದ್ರವಾಗಿ ಹೊಂದಿದ್ದ ಹಳೆಯ ಜಿಲ್ಲೆಯ ಇತಿಹಾಸ ನೋಡಿದರೆ ಅದರ ಬೇರು 19ನೇ ಶತಮಾನದ ಕ್ಷಾಮಗಳಲ್ಲಿ ಸಿಗುತ್ತದೆ. 1885ರಲ್ಲಿ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಹೋಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಈ ಅವಧಿಯಲ್ಲಿ ಆಡಳಿತಗಳು ಹಲವು ಬದಲಾದರೂ ಪರಿಹಾರದ ತರ್ಕ ಹೆಚ್ಚು ಬದಲಾಗಲಿಲ್ಲ. ಸರ್ಕಾರವು ನಿರುದ್ಯೋಗಿಯನ್ನು ಕೇವಲ ದುಡಿಯುವ ತೋಳಾಗಿ ಕಂಡಿತು, ಆತನ ಕಸುಬನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ತೀರ ತಡವಾಗಿ ಎಂಬುದು ಈ ಲೇಖನದ ವಾದ.

1876ರ ಕ್ಷಾಮ ಮತ್ತು ಕಾಮಗಾರಿ

ಮೈಸೂರು ಸೀಮೆಯಲ್ಲಿ ಧಾತು–ಈಶ್ವರ ಸಂವತ್ಸರದ ಬರವೆಂದು ಹೆಸರಾದ 1876–78ರ ಕ್ಷಾಮವು ಮುಂಬಯಿ ಪ್ರಾಂತ್ಯದಲ್ಲಿ ಕಲಾದಗಿ, ಸೊಲ್ಲಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳನ್ನು ಕಂಗೆಡಿಸಿತು. 1872ರ ಜನಗಣತಿಯಲ್ಲಿ 8 ಲಕ್ಷ ಮೀರಿದ್ದ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಸಾವು, ಗುಳೆ ಎರಡೂ ಈ ಅಂಕಿಯೊಳಗಿವೆ.

ಸರ್ಕಾರದ ಉತ್ತರವೆಂದರೆ ಬರಗಾಲದ ಕಾಮಗಾರಿ: ರಸ್ತೆಗೆ ಮಣ್ಣು ಹಾಕುವುದು, ಕಲ್ಲು ಒಡೆದು ಕಡಿ ಮಾಡುವುದು, ಕೆರೆ ಅಗೆಯುವುದು. ಕಾಮಗಾರಿಗಳಲ್ಲಿ ಎರಡು ಬಗೆ ಇದ್ದವು. ಗಟ್ಟಿಮುಟ್ಟಾದವರು ಲೋಕೋಪಯೋಗಿ ಇಲಾಖೆಯ ದೊಡ್ಡ ಕೆಲಸಗಳಿಗೆ ಹೋಗಿ ದಿನದ ಪೂರ್ತಿ ದುಡಿಮೆ ಮಾಡಬೇಕು. ಮುದುಕರು, ನಿಶ್ಶಕ್ತರು ಕಂದಾಯ ಅಧಿಕಾರಿಗಳ ಮೇಲ್ವಿಚಾರಣೆಯ ಸಣ್ಣ ಕೆಲಸಗಳಲ್ಲಿ ಇರಬಹುದು. ಕೂಲಿಯನ್ನು ಧಾನ್ಯದ ಬೆಲೆಗೆ ತಕ್ಕಂತೆ ಏರಿಳಿಸುತ್ತಿದ್ದರು. 1877ರ ಜನವರಿಯಲ್ಲಿ ಅದನ್ನೂ ಕಡಿತ ಮಾಡಲಾಯಿತು. ಇದರ ಹಿಂದಿದ್ದವರು ವೈಸರಾಯ್ ಲಿಟ್ಟನ್ ಕಳಿಸಿದ್ದ ಪ್ರತಿನಿಧಿ ರಿಚರ್ಡ್ ಟೆಂಪಲ್. ದಿನಕ್ಕೆ ಒಂದು ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂಬ ಅವರ ಲೆಕ್ಕವನ್ನು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಬಲವಾಗಿ ವಿರೋಧಿಸಿದರು. ದಖ್ಖನಿನ ಹಲವು ಕಡೆ ಕೂಲಿಕಾರರು ಕಾಮಗಾರಿ ಬಿಟ್ಟು ಹೊರಟರು. ಅವರ ಪರವಾಗಿ ಪುಣೆಯ ಸಾರ್ವಜನಿಕ ಸಭಾ ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿತು.

ಕಷ್ಟದ ಕೆಲಸ, ಕಡಿಮೆ ಕೂಲಿ, ಮನೆಯಿಂದ ದೂರದ ಜಾಗ, ಈ ಮೂರನ್ನೂ ಒಪ್ಪಿ ಬಂದವನೇ ನಿಜವಾದ ಹಸಿದವನು ಎಂಬುದು ಈ ಪದ್ಧತಿಯ ಒಳತರ್ಕ. ಇಲ್ಲಿ ಕೆಲಸವು ಸಹಾಯವೂ ಹೌದು, ಪರೀಕ್ಷೆಯೂ ಹೌದು. ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಆಯೋಗ 1880ರಲ್ಲಿ ವರದಿ ಕೊಟ್ಟ ಮೇಲೆ ರೂಪುಗೊಂಡ ಕ್ಷಾಮ ಸಂಹಿತೆಗಳು ಇದರ ಒರಟುತನ ತಗ್ಗಿಸಿದವು. ಅಡಿಪಾಯ ಮಾತ್ರ ಅದೇ ಉಳಿಯಿತು.

ನೇಕಾರನ ಸಂಕಟ

ಈ ಚೌಕಟ್ಟಿಗೆ ಹೊಂದದೆ ಹೋದವನು ನೇಕಾರ. ಇಳಕಲ್, ಗುಳೇದಗುಡ್ಡ, ಬಾಗಲಕೋಟೆ, ಅಮೀನಗಡಗಳಲ್ಲಿ ಮಗ್ಗವೇ ಬದುಕು. ಬೆಳೆ ಹೋದಾಗ ರೈತ ಮೊದಲು ಮುಂದೂಡುವುದು ಸೀರೆ, ಖಣಗಳ ಖರೀದಿಯನ್ನು. ಹಾಗಾಗಿ ನೇಕಾರನನ್ನು ಬರ ಎರಡು ಕಡೆಯಿಂದ ಹಿಂಡಿತು: ಜೋಳ ತುಟ್ಟಿಯಾಯಿತು, ನೇಯ್ದ ಬಟ್ಟೆಗೆ ಗಿರಾಕಿ ಇಲ್ಲದಾಯಿತು. ಇದು ಇಂದು ನಾವು ಆರ್ಥಿಕ ಹಿಂಜರಿತ ಎನ್ನುವ ಸ್ಥಿತಿಯೇ. ಆದರೆ ಆತನ ಮುಂದಿದ್ದದ್ದು ಅದೇ ಕಡಿ ಒಡೆಯುವ ಕೆಲಸ. ನವಿರು ಎಳೆ ಹಿಡಿಯುವ ಬೆರಳು ಸುತ್ತಿಗೆ ಹಿಡಿದು ಜಡ್ಡುಗಟ್ಟಿದರೆ, ಮಳೆ ಬಂದ ಮೇಲೆ ಮಗ್ಗಕ್ಕೆ ಮರಳುವುದು ಸುಲಭವಲ್ಲ. ಮದರಾಸು ಪ್ರಾಂತ್ಯದಲ್ಲಿ ನೇಕಾರರಿಗೆ ಅವರ ಕಸುಬಿನಲ್ಲೇ ಕೆಲಸ ಕೊಡುವ ಪ್ರಯತ್ನಗಳು ಆಗಲೇ ನಡೆದವು. 1896–97ರ ಕ್ಷಾಮದ ಬಳಿಕ ಕುಳಿತ 1898ರ ಆಯೋಗವೂ ಅದೇ ದಾರಿಯ ಪರವಾಗಿತ್ತು. ಆದರೂ ಅದು ಕ್ಷಾಮ ನೀತಿಯ ಮುಖ್ಯ ದಾರಿ ಆಗಲಿಲ್ಲ.

ಸ್ವಾತಂತ್ರ್ಯದ ನಂತರ: ಎರಡು ಕವಲು

ಮುಂದೆ ಪರಿಹಾರ ಎರಡಾಗಿ ಕವಲೊಡೆಯಿತು. ಒಂದು ಗುದ್ದಲಿಯ ಕವಲು. 1972ರ ಭೀಕರ ಬರದ ಅನುಭವದಿಂದ ಮಹಾರಾಷ್ಟ್ರದಲ್ಲಿ ಬೆಳೆದ ಉದ್ಯೋಗ ಖಾತ್ರಿಯ ಕಲ್ಪನೆ 2005ರಲ್ಲಿ ರಾಷ್ಟ್ರೀಯ ಕಾಯ್ದೆಯಾಯಿತು. ಬಾಗಲಕೋಟೆ ಜಿಲ್ಲೆಗೆ ಅದು 2008ರ ಏಪ್ರಿಲ್‌ನಲ್ಲಿ ಬಂತು. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಹಕ್ಕಾದದ್ದು ನಿಜಕ್ಕೂ ದೊಡ್ಡ ತಿರುವು. ಕ್ಷಾಮ ಸಂಹಿತೆಯಡಿ ಬೇಡುವವನಾಗಿದ್ದವನು ಇಲ್ಲಿ ಕೇಳುವವನಾದ. ಆದರೂ ಕಾಯ್ದೆ ಭರವಸೆ ಕೊಟ್ಟದ್ದು ಕೌಶಲ ಬೇಡದ ದೈಹಿಕ ದುಡಿಮೆಗೆ.

ಇನ್ನೊಂದು ತರಬೇತಿಯ ಕವಲು. 1979ರಲ್ಲಿ ಗ್ರಾಮೀಣ ಯುವಕರ ಸ್ವಯಂ ಉದ್ಯೋಗ ತರಬೇತಿಗಾಗಿ ‘ಟ್ರೈಸೆಮ್’ ಬಂತು. 1982ರಲ್ಲಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಕಿರು ಅವಧಿಯ ವಸತಿ ತರಬೇತಿ, ಆಮೇಲೆ ಬ್ಯಾಂಕ್ ಸಾಲದ ನೆರವು ಎಂಬ ಅದರ ಮಾದರಿಯನ್ನು ಮುಂದೆ ದೇಶದ ಬಹುತೇಕ ಜಿಲ್ಲೆಗಳು ಅನುಸರಿಸಿದವು. 2019ರ ‘ಉನ್ನತಿ’ ಯೋಜನೆ ಎರಡೂ ಕವಲುಗಳನ್ನು ಕೂಡಿಸಲು ಯತ್ನಿಸಿತು: ಖಾತ್ರಿಯಲ್ಲಿ 100 ದಿನ ಮುಗಿಸಿದ ಕುಟುಂಬದ 18ರಿಂದ 45 ವರ್ಷದೊಳಗಿನ ಒಬ್ಬರಿಗೆ, ಕೂಲಿಯಷ್ಟೇ ಭತ್ಯೆ ಕೊಟ್ಟು ಕಸುಬು ಕಲಿಸುವುದು ಅದರ ಉದ್ದೇಶ.

2020ರ ಒರೆಗಲ್ಲು

ಕೋವಿಡ್ ಕಾಲದ ಹಿಂಜರಿತ ಇವೆಲ್ಲವನ್ನೂ ಒರೆಗೆ ಹಚ್ಚಿತು. ಊರಿಗೆ ಮರಳಿದವರನ್ನು ಉದ್ಯೋಗ ಖಾತ್ರಿ ಹಿಡಿದುಕೊಂಡಿತು; ಕರ್ನಾಟಕದಲ್ಲಿ ಆ ವರ್ಷದ ದಿನಗೂಲಿ 275 ರೂಪಾಯಿ. ಕೇಂದ್ರ ಸರ್ಕಾರ ಯೋಜನೆಗೆ 40,000 ಕೋಟಿ ರೂಪಾಯಿಯನ್ನು ಹೆಚ್ಚುವರಿಯಾಗಿ ಘೋಷಿಸಿತು. ಮದುವೆ, ಜಾತ್ರೆ, ಸಂತೆಗಳು ನಿಂತು ಇಳಕಲ್ ಸೀರೆಗೆ ಗಿರಾಕಿ ಇಲ್ಲದಾದಾಗ ರಾಜ್ಯ ಸರ್ಕಾರ ‘ನೇಕಾರ ಸಮ್ಮಾನ್’ ಹೆಸರಿನಲ್ಲಿ ಕೈಮಗ್ಗ ನೇಕಾರರ ಖಾತೆಗೆ 2,000 ರೂಪಾಯಿ ಹಾಕಲು ನಿರ್ಧರಿಸಿತು. ಕೈಮಗ್ಗದವನು ನಗದಿನ ರೂಪದಲ್ಲಾದರೂ ತನ್ನ ಕಸುಬಿನ ಹೆಸರಿನಲ್ಲೇ ಪರಿಹಾರ ಪಡೆದ ಎಂಬುದು 1877ಕ್ಕೆ ಹೋಲಿಸಿದರೆ ಮುನ್ನಡೆ.

ಸಮಾರೋಪ

ಬರದಲ್ಲಿ ಹೊಲದ ಕೆಲಸ ನಿಂತವನಿಗೆ ಗುದ್ದಲಿ ಆಸರೆಯಾಗಬಲ್ಲದು. ಕಸುಬಿಲ್ಲದ ಯುವಕನಿಗೆ ತರಬೇತಿ ದಾರಿ ತೋರಬಲ್ಲದು. ನೇಕಾರನಿಗೆ ಕೊರತೆ ಇರುವುದು ಕೌಶಲದ್ದಲ್ಲ, ಗಿರಾಕಿಯದು. ನೇಯ್ಗೆ ಬಲ್ಲವನಿಗೆ ಇನ್ನೊಂದು ಪ್ರಮಾಣಪತ್ರ ಕೊಟ್ಟರೆ ಸೀರೆ ಮಾರಾಟವಾಗುವುದಿಲ್ಲ. ಆತನಿಗೆ ಸಲ್ಲುವ ಪರಿಹಾರವೆಂದರೆ ಮಂದಗತಿಯ ತಿಂಗಳುಗಳಲ್ಲಿ ನೂಲು ಕೊಟ್ಟು ಬಟ್ಟೆ ಕೊಳ್ಳುವುದು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ, ಮರುವರ್ಷ ಕೈಮಗ್ಗಗಳಿಗೆ ಬಂದ ಜನತಾ ಬಟ್ಟೆ ಯೋಜನೆ ಹಿಡಿದದ್ದು ಈ ದಾರಿಯನ್ನೇ. ಕಲಾದಗಿ ಸೀಮೆಯ ಚರಿತ್ರೆ ಆಡಳಿತಕ್ಕೆ ಕೊಡುವ ಸೂಚನೆ ಇಷ್ಟು: ಪರಿಹಾರದ ಅರ್ಜಿಯಲ್ಲಿ ‘ಎಷ್ಟು ದಿನ ದುಡಿಯಬಲ್ಲೆ’ ಎಂದು ಕೇಳುವ ಮುನ್ನ ‘ಏನು ಮಾಡಬಲ್ಲೆ, ಅದು ಏಕೆ ನಿಂತಿತು’ ಎಂದು ಕೇಳಬೇಕು.