ಪೀಪಿ ಯಾರ ಕೈಯಲ್ಲಿ? ವಿಶ್ವ ಫುಟ್‌ಬಾಲ್‌ನಲ್ಲಿ ರೆಫರಿಗಳ ಆಯ್ಕೆ ಸಾಗಿಬಂದ ದಾರಿ

2023ರಲ್ಲಿ ನಾಲ್ಕೇ ತಿಂಗಳ ಅಂತರದಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ಎರಡು ಸಲ ರೆಫರಿಗಳ ಕಾರಣಕ್ಕೆ ಸುದ್ದಿಯಾಯಿತು. ಮಾರ್ಚ್ 3ರಂದು ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿದ್ದವು. ಕೇರಳದವರು ಗೋಡೆ ಕಟ್ಟಿ ನಿಲ್ಲುವ ಮುನ್ನವೇ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದರು, ಚೆಂಡು ಬಲೆ ಸೇರಿತು, ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದಾಚೆ ಕರೆದುಕೊಂಡು ಹೋದರು. ಪಂದ್ಯ ಅಲ್ಲಿಗೇ ಮುಗಿಯಿತು. ಜೂನ್‌ನಲ್ಲಿ ಅದೇ ಮೈದಾನದಲ್ಲಿ ದಕ್ಷಿಣ ಏಷ್ಯಾ ತಂಡಗಳ ಸ್ಯಾಫ್ ಚಾಂಪಿಯನ್‌ಷಿಪ್ ನಡೆಯಿತು. ಥ್ರೋ ಮಾಡಲು ಹೊರಟ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ಬೀಳಿಸಿದ ಭಾರತದ ಕೋಚ್ ಇಗೊರ್ ಸ್ಟಿಮಾಚ್ ಕೆಂಪು ಕಾರ್ಡ್ ಕಂಡರು. ಕುವೈತ್ ವಿರುದ್ಧ ಮತ್ತೊಂದು ಬಿತ್ತು. ಜುಲೈ 4ರಂದು ಭಾರತ ಪೆನಾಲ್ಟಿಯಲ್ಲಿ ಕಪ್ ಗೆದ್ದಾಗ ಅವರು ನಿಷೇಧದಲ್ಲಿದ್ದರು.

ಮಾರ್ಚ್‌ನ ಜಗಳದಲ್ಲಿ ನಿಯಮ ಸ್ಪಷ್ಟವಾಗಿಯೇ ಇತ್ತು. ಫೌಲ್ ಅನುಭವಿಸಿದ ತಂಡ ತಡಮಾಡದೆ ಕಿಕ್ ಹೊಡೆಯಬಹುದು. ಎದುರಾಳಿಗಳನ್ನು 9.15 ಮೀಟರ್ ಹಿಂದೆ ಸರಿಸುವ ಕೆಲಸಕ್ಕೆ ರೆಫರಿ ಕೈಹಾಕಿದ್ದರೆ ಮಾತ್ರ ಪೀಪಿಗೆ ಕಾಯಬೇಕು. ಆ ಕ್ಷಣದಲ್ಲಿ ರೆಫರಿ ಆಟಗಾರರಿಗೆ ಸೂಚಿಸಿದ್ದೇನು ಎಂಬುದೇ ವಿವಾದ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಹಾಕಿತು. ಅನುಮಾನ ಮಾತ್ರ ದಂಡದಿಂದ ಹೋಗಲಿಲ್ಲ. ಈ ಮಟ್ಟದ ಪಂದ್ಯಕ್ಕೆ ರೆಫರಿಗಳನ್ನು ಆರಿಸುವುದು ಹೇಗೆ, ತಯಾರು ಮಾಡುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗೆ ನ್ಯಾಯ ಹೇಳಲು ಯಾರು ಕೂರಬೇಕು ಎಂಬ ಪ್ರಶ್ನೆ ಹೊಸದಲ್ಲ. ಮ್ಯಾಸಬೇಡ ಸಮುದಾಯ ನ್ಯಾಯ ಕೇಳುವ ಕಟ್ಟೆಮನೆಗಳಲ್ಲಿ ನನ್ನಿವಾಳ ಊರಿನದೂ ಒಂದು. ಕಟ್ಟೆಮನೆಯ ಹಿರಿಯರ ಮಾತು ನಡೆಯುವುದು ಅವರು ನಮ್ಮವರು, ನಮ್ಮ ಒಳಗುಹೊರಗು ಬಲ್ಲವರು ಎಂಬ ಕಾರಣಕ್ಕೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ರೆಫರಿ ಯಾರಿಗೂ ಸೇರಿದವನಾಗಿರಬಾರದು. ಆದರೆ ‘ಯಾರ ಕಡೆಯವನೂ ಅಲ್ಲ’ ಎಂದು ತೋರಿಸಲು ಪಾಸ್‌ಪೋರ್ಟ್ ಸಾಕು. ‘ಕೆಲಸ ಬಲ್ಲವನು’ ಎಂದು ತೋರಿಸಲು ವರ್ಷಗಳ ಪಂದ್ಯಗಳು ಬೇಕು. ಮೊದಲನೆಯದು ಸಿಕ್ಕರೆ ಎರಡನೆಯದೂ ಸಿಕ್ಕಿದಂತೆ ಎಂದು ನಂಬಿದಾಗಲೆಲ್ಲ ವಿಶ್ವಕಪ್ ಎಡವಿದೆ.

ಹೊರಗಿನವನ ಹುಡುಕಾಟ

1863ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದಾಗ ತಕರಾರುಗಳನ್ನು ನಾಯಕರೇ ಬಗೆಹರಿಸಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದು ತಂಡಕ್ಕೆ ಒಬ್ಬೊಬ್ಬ ಅಂಪೈರ್ ಬಂದರು. ಅವರಿಬ್ಬರ ನಡುವೆ ಒಮ್ಮತವಾಗದಿದ್ದರೆ ಗೆರೆಯಾಚೆ ಇರುತ್ತಿದ್ದ ಮೂರನೆಯವನನ್ನು ಕೇಳಬೇಕಿತ್ತು. ಅವನೇ ರೆಫರಿ. 1891ರಲ್ಲಿ ರೆಫರಿ ಮೈದಾನದೊಳಗೆ ಬಂದ, ಅಂಪೈರ್‌ಗಳು ಗೆರೆಗೆ ಸರಿದು ಲೈನ್ಸ್‌ಮನ್‌ಗಳಾದರು. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ.

1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್ ನಡೆದಾಗ ರೆಫರಿಗಳ ಕೊರತೆ ಎಷ್ಟಿತ್ತೆಂದರೆ ಬೊಲಿವಿಯಾದ ಕೋಚ್ ಉಲಿಸೆಸ್ ಸೌಸೆಡೊ ಅವರೇ ಅರ್ಜೆಂಟೀನಾ–ಮೆಕ್ಸಿಕೊ ಪಂದ್ಯಕ್ಕೆ ಪೀಪಿ ಊದಿದರು. ಅರ್ಜೆಂಟೀನಾ–ಫ್ರಾನ್ಸ್ ಪಂದ್ಯವನ್ನು ಬ್ರೆಜಿಲ್‌ನ ಗಿಲ್ಬರ್ಟೊ ರೆಗೊ ಆರು ನಿಮಿಷ ಮೊದಲೇ ಮುಗಿಸಿದರು; ಹೊರಟಿದ್ದ ಆಟಗಾರರನ್ನು ಮತ್ತೆ ಕರೆಸಬೇಕಾಯಿತು. ಫೈನಲ್‌ಗೆ ಬೆಲ್ಜಿಯಂನ ಜಾನ್ ಲ್ಯಾಂಗೆನುಸ್ ಒಪ್ಪಿದ್ದು ತಮ್ಮ ಜೀವಕ್ಕೆ ರಕ್ಷಣೆ ಸಿಗುತ್ತದೆಂದು ಖಾತ್ರಿಯಾದ ಮೇಲೆ. ಯಾವ ಚೆಂಡಿನಲ್ಲಿ ಆಡುವುದು ಎಂಬುದಕ್ಕೂ ಜಗಳವಿದ್ದುದರಿಂದ ಮೊದಲರ್ಧ ಅರ್ಜೆಂಟೀನಾದ ಚೆಂಡು, ಎರಡನೆಯದು ಉರುಗ್ವೆಯದು ಎಂದಾಯಿತು.

1934ರ ಇಟಲಿಯಲ್ಲಿ ಆತಿಥೇಯರ ನೆರಳು ಬಿತ್ತು. ಇಟಲಿ–ಸ್ಪೇನ್ ಮರುಪಂದ್ಯ ನಡೆಸಿದ ರೆನೆ ಮರ್ಸೆಯನ್ನು ಆಮೇಲೆ ಅವರ ದೇಶದ ಸ್ವಿಸ್ ಸಂಸ್ಥೆಯೇ ಅಮಾನತು ಮಾಡಿತು. ಪಾಸ್‌ಪೋರ್ಟ್ ಬೇರೆಯದಾದರೂ ಒತ್ತಡ ತಟ್ಟದೆ ಇರುವುದಿಲ್ಲ ಎಂಬುದು ಎರಡನೇ ವಿಶ್ವಕಪ್ಪಿಗೇ ತಿಳಿದುಹೋಯಿತು.

ಅನುಮಾನದ ಕಾಲ

1962ರಲ್ಲಿ ಚಿಲಿ–ಇಟಲಿ ಪಂದ್ಯ ಬಡಿದಾಟವಾಯಿತು. ಇಂಗ್ಲೆಂಡಿನ ಕೆನ್ ಆಸ್ಟನ್ ಇಬ್ಬರನ್ನು ಹೊರಹಾಕಿದರೂ ಆಟ ಹಿಡಿತಕ್ಕೆ ಬರಲಿಲ್ಲ. ನಾಲ್ಕು ವರ್ಷಗಳ ನಂತರ ಲಂಡನ್‌ನಲ್ಲಿ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯಕ್ಕೆ ಪಶ್ಚಿಮ ಜರ್ಮನಿಯ ರುಡಾಲ್ಫ್ ಕ್ರೈಟ್ಲೈನ್, ಪಶ್ಚಿಮ ಜರ್ಮನಿ–ಉರುಗ್ವೆ ಪಂದ್ಯಕ್ಕೆ ಇಂಗ್ಲೆಂಡಿನ ಜಿಮ್ ಫಿನ್ನಿ ನೇಮಕವಾದರು. ಎರಡರಲ್ಲೂ ರೆಫರಿ ದಕ್ಷಿಣ ಅಮೆರಿಕದ ಆಟಗಾರರನ್ನು ಹೊರಹಾಕಿದರು, ಅವರ ತಂಡಗಳು ಸೋತವು. ಕಾಗದದ ಮೇಲೆ ರೆಫರಿಗಳಿಬ್ಬರೂ ತಟಸ್ಥರೇ. ಆದರೆ ಒಬ್ಬರ ಪಂದ್ಯವನ್ನು ಇನ್ನೊಬ್ಬರು ನಡೆಸುವ ಜೋಡಣೆಯಲ್ಲಿ ಒಳಒಪ್ಪಂದ ಕಾಣಿಸಿದ್ದರೆ ಅದು ಬರೀ ಸಂಶಯಪಿಶಾಚಿಯ ಕೆಲಸವಲ್ಲ. ಅರ್ಜೆಂಟೀನಾದ ನಾಯಕ ರಟ್ಟಿನ್‌ಗೆ ಜರ್ಮನ್ ಬಾರದು, ಕ್ರೈಟ್ಲೈನ್‌ಗೆ ಸ್ಪ್ಯಾನಿಷ್ ಬಾರದು. ಹೊರಹೋಗೆಂದು ಹೇಳಿದ್ದನ್ನು ಅರ್ಥಮಾಡಿಸುವುದಕ್ಕೇ ನಿಮಿಷಗಳು ಹಿಡಿದವು. ಇದನ್ನು ಕಂಡ ಆಸ್ಟನ್‌ಗೆ ಟ್ರಾಫಿಕ್ ಸಿಗ್ನಲ್ ನೋಡಿ ಹೊಳೆದ ಹಳದಿ–ಕೆಂಪು ಕಾರ್ಡುಗಳು 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಬಂದವು.

1982ರಲ್ಲಿ ಫ್ರಾನ್ಸ್–ಕುವೈತ್ ಪಂದ್ಯದಲ್ಲಿ ಪ್ರೇಕ್ಷಕರ ಕಡೆಯಿಂದ ಪೀಪಿ ಕೇಳಿಸಿ ಕುವೈತಿನವರು ನಿಂತುಬಿಟ್ಟರು, ಫ್ರಾನ್ಸ್ ಗೋಲು ಹೊಡೆಯಿತು. ಕುವೈತಿನ ರಾಜಕುಮಾರ ಶೇಖ್ ಫಹದ್ ಮೈದಾನಕ್ಕೇ ಇಳಿದರು. ಸೋವಿಯತ್ ರೆಫರಿ ಮಿರೊಸ್ಲಾವ್ ಸ್ಟೂಪರ್ ಕೊಟ್ಟ ಗೋಲನ್ನು ಹಿಂದಕ್ಕೆ ಪಡೆದರು. ಆಮೇಲೆ ತಮ್ಮ ಅಂತರರಾಷ್ಟ್ರೀಯ ಅರ್ಹತೆಯನ್ನೇ ಕಳೆದುಕೊಂಡರು.

ಪಾಲು ಹಂಚಿಕೆಯಿಂದ ಪರಿಣತಿಗೆ

1986ರ ಮರಡೋನಾ ಕೈಗೋಲು ಎಲ್ಲರಿಗೂ ನೆನಪಿದೆ. ಪೀಪಿ ಟ್ಯುನೀಷಿಯಾದ ಅಲಿ ಬಿನ್ ನಾಸರ್ ಕೈಯಲ್ಲಿತ್ತು, ಬಾವುಟ ಬಲ್ಗೇರಿಯಾದ ಬೊಗ್ದಾನ್ ದೊಚೆವ್ ಕೈಯಲ್ಲಿ. ತಪ್ಪು ನನ್ನದಲ್ಲ, ಅವರದು ಎಂದು ಇಬ್ಬರೂ ಮುಂದೆ ಬೊಟ್ಟು ಮಾಡಿದರು. ಆಗೆಲ್ಲ ಲೈನ್ಸ್‌ಮನ್ ಎಂದರೆ ಅಂದು ಬಾವುಟ ಹಿಡಿದ ಇನ್ನೊಬ್ಬ ರೆಫರಿ. ಒಂದೊಂದು ಖಂಡದಿಂದ ಒಬ್ಬೊಬ್ಬರನ್ನು ಕೂಡಿಸಿದರೆ ಪಾಲೇನೋ ಸಮವಾಗುತ್ತಿತ್ತು, ಕೆಲಸ ಕೂಡಿಬರುತ್ತಿರಲಿಲ್ಲ. 1994ರ ಅಮೆರಿಕ ವಿಶ್ವಕಪ್ಪಿನಿಂದ ಬಾವುಟದ ಕೆಲಸವನ್ನೇ ಕಲಿತವರು ಬಂದರು. 1996ರಲ್ಲಿ ಅವರಿಗೆ ಸಹಾಯಕ ರೆಫರಿ ಎಂಬ ಹೆಸರಾಯಿತು.

ಆದರೂ 2002ರಲ್ಲಿ ಹಳೆಯ ಹಂಚಿಕೆಯೇ ಮುಳುವಾಯಿತು. ದಕ್ಷಿಣ ಕೊರಿಯಾ–ಸ್ಪೇನ್ ಕ್ವಾರ್ಟರ್ ಫೈನಲ್‌ಗೆ ಈಜಿಪ್ಟಿನ ರೆಫರಿ, ಟ್ರಿನಿಡಾಡ್ ಮತ್ತು ಉಗಾಂಡದ ಸಹಾಯಕರು. ಸ್ಪೇನ್ ಹೊಡೆದ ಎರಡು ಗೋಲುಗಳು ಅಮಾನ್ಯವಾದವು, ಅದು ಪೆನಾಲ್ಟಿಯಲ್ಲಿ ಸೋತಿತು. ಅದಕ್ಕೆ ಮೊದಲಿನ ಸುತ್ತಿನಲ್ಲಿ ಇಟಲಿಗೂ ಇಕ್ವೆಡಾರ್‌ನ ಬೈರನ್ ಮೊರೆನೊ ತೀರ್ಪುಗಳ ವಿರುದ್ಧ ಇದೇ ಅಳಲು. 2006ರಲ್ಲಿ ಫಿಫಾ ಒಂದೇ ದೇಶದ ಅಥವಾ ಒಂದೇ ಖಂಡದ, ಒಟ್ಟಿಗೆ ಕೆಲಸ ಮಾಡಿ ಪಳಗಿದ ಮೂವರ ತಂಡಗಳನ್ನೇ ಕರೆಯಿತು. ತಪ್ಪುಗಳು ನಿಲ್ಲಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಗ್ರಹಾಂ ಪೋಲ್ ಕ್ರೊಯೇಷಿಯಾದ ಶಿಮುನಿಚ್‌ಗೆ ಮೂರು ಹಳದಿ ಕಾರ್ಡ್ ತೋರಿಸಿದ ಮೇಲಷ್ಟೇ ಹೊರಗೆ ಕಳಿಸಿದರು.

ಇಂದಿನ ದಾರಿ ಹೀಗಿದೆ: ಪ್ರತಿ ದೇಶದ ಸಂಸ್ಥೆ ವರ್ಷಕ್ಕೊಮ್ಮೆ ಹೆಸರು ಕಳಿಸುತ್ತದೆ, ಫಿಫಾ ಬ್ಯಾಡ್ಜ್ ಆ ವರ್ಷಕ್ಕಷ್ಟೇ. ರೆಫರಿಗೆ ಕನಿಷ್ಠ 25 ವರ್ಷ ಆಗಿರಬೇಕು. ಓಟದ ಪರೀಕ್ಷೆಯಲ್ಲಿ 40 ಮೀಟರಿನ ಆರು ಓಟ, ಆಮೇಲೆ 75 ಮೀಟರ್ ಓಡಿ 25 ಮೀಟರ್ ನಡೆಯುವುದನ್ನು 40 ಸಲ ಬಿಡುವಿಲ್ಲದೆ ಮಾಡಬೇಕು. ಅಲ್ಲಿಂದ ಖಂಡದ ಟೂರ್ನಿಗಳು, ಕಿರಿಯರ ವಿಶ್ವಕಪ್‌ಗಳು, ಹೀಗೆ ಒಂದೊಂದೇ ಮೆಟ್ಟಿಲು. ಇಂಗ್ಲೆಂಡ್ 2001ರಲ್ಲೇ ರೆಫರಿಗಳಿಗೆ ಪೂರ್ಣಾವಧಿ ಸಂಬಳ ಕೊಡುವ ಸಂಸ್ಥೆ ಕಟ್ಟಿತು. ನೌಕರಿಯ ಬಿಡುವಿನಲ್ಲಿ ಓಡುವವರು ಅಂಥವರ ಜೊತೆ ಸ್ಪರ್ಧಿಸಬೇಕು.

ಕ್ಯಾಮೆರಾ ಬಂತು, ರೆಫರಿ ಉಳಿದರು

2010ರಲ್ಲಿ ಜರ್ಮನಿ ವಿರುದ್ಧ ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿದ್ದು ಜಗತ್ತಿಗೆಲ್ಲ ಕಂಡಿತು, ಉರುಗ್ವೆಯ ಲಾರಿಯೊಂಡಾಗೆ ಕಾಣಲಿಲ್ಲ. 2012ರಲ್ಲಿ ಗೋಲ್‌ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿ 2014ರ ವಿಶ್ವಕಪ್ಪಿಗೆ ಬಂತು. 2018ರಲ್ಲಿ ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್, 2022ರಲ್ಲಿ ಅರೆ ಸ್ವಯಂಚಾಲಿತ ಆಫ್‌ಸೈಡ್. ಗೆರೆಯ ಪ್ರಶ್ನೆಗಳನ್ನು ಯಂತ್ರ ಬಗೆಹರಿಸಿತು. ಕೈಗೆ ಚೆಂಡು ತಾಗಿದ್ದು ತಪ್ಪೋ ಅಲ್ಲವೋ ಎಂಬುದನ್ನು ಈಗಲೂ ಮನುಷ್ಯನೇ ಹೇಳಬೇಕು. 2018ರ ಫೈನಲ್‌ನಲ್ಲಿ ಅರ್ಜೆಂಟೀನಾದ ನೆಸ್ಟರ್ ಪಿಟಾನಾ ಪರದೆ ನೋಡಿ ಬಂದು ಫ್ರಾನ್ಸಿಗೆ ಕೊಟ್ಟ ಪೆನಾಲ್ಟಿಯ ಬಗ್ಗೆ ಇನ್ನೂ ಒಮ್ಮತವಿಲ್ಲ. ಯಂತ್ರ ಬಂದ ಮೇಲೆ ಪರದೆಯ ಮುಂದೆ ಕೂರುವವರನ್ನೂ ಆರಿಸಬೇಕಾಯಿತು: ಕತಾರ್‌ಗೆ 36 ರೆಫರಿಗಳು, 69 ಸಹಾಯಕರು, ಅವರ ಜೊತೆಗೆ 24 ವಿಡಿಯೊ ಅಧಿಕಾರಿಗಳು ಹೋದರು.

ಆ ಪಟ್ಟಿಯಲ್ಲಿ ಆರು ಮಹಿಳೆಯರಿದ್ದರು. 2022ರ ಡಿಸೆಂಬರ್ 1ರಂದು ಫ್ರಾನ್ಸಿನ ಸ್ಟೆಫನಿ ಫ್ರಾಪ್ಪಾರ್ ಕೋಸ್ಟರಿಕಾ–ಜರ್ಮನಿ ಪಂದ್ಯ ನಡೆಸಿ ಪುರುಷರ ವಿಶ್ವಕಪ್ಪಿನ ಮೊದಲ ಮಹಿಳಾ ರೆಫರಿಯಾದರು. ಇದಕ್ಕೆ ತಾಲೀಮು ಭಾರತದಲ್ಲೇ ನಡೆದಿತ್ತು: 2017ರ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಕೋಲ್ಕತ್ತದ ಪಂದ್ಯವೊಂದಕ್ಕೆ ಪೀಪಿ ಊದಿದವರು ಸ್ವಿಟ್ಜರ್ಲೆಂಡಿನ ಎಸ್ಟರ್ ಸ್ಟೌಬ್ಲಿ. ಇಷ್ಟು ಕಾಲ ಅರ್ಧ ಜಗತ್ತನ್ನು ಹೊರಗಿಟ್ಟು ‘ಅತ್ಯುತ್ತಮರನ್ನು ಆರಿಸಿದ್ದೇವೆ’ ಎನ್ನುತ್ತಿದ್ದರು.

ಭಾರತದ ಲೆಕ್ಕ

ಕೊರಿಯಾದ ಆ ಗದ್ದಲದ 2002ರ ವಿಶ್ವಕಪ್ಪಿನಲ್ಲೇ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಸಹಾಯಕ ರೆಫರಿಯಾಗಿದ್ದರು. 2022ರವರೆಗಿನ ಪುರುಷರ ವಿಶ್ವಕಪ್‌ಗಳಲ್ಲಿ ಮೈದಾನಕ್ಕಿಳಿದ ಭಾರತೀಯ ತೀರ್ಪುಗಾರ ಅವರೊಬ್ಬರೇ. ಗೋವಾದ ಉವೆನಾ ಫರ್ನಾಂಡಿಸ್ 2016ರಲ್ಲಿ ಜೋರ್ಡಾನ್‌ನ ಬಾಲಕಿಯರ ವಿಶ್ವಕಪ್ಪಿನಲ್ಲಿ ಕೆಲಸ ಮಾಡಿದರು. ಇನ್ನೊಂದು ಕಡೆ, 2024ರ ಜೂನ್ 11ರಂದು ದೋಹಾದಲ್ಲಿ ಗೆರೆ ದಾಟಿಹೋದ ಚೆಂಡನ್ನು ಎಳೆದು ತಂದು ಕತಾರ್ ಹೊಡೆದ ಗೋಲು ಮಾನ್ಯವಾಯಿತು, ಭಾರತ ವಿಶ್ವಕಪ್ ಅರ್ಹತಾ ಸುತ್ತಿನಿಂದ ಹೊರಬಿತ್ತು. ಆ ಹಂತದಲ್ಲಿ ವಿಎಆರ್ ಇರಲಿಲ್ಲ. ಯಂತ್ರವೂ ಮೇಲಿನ ಪಂಕ್ತಿಗೇ ಮೊದಲು ಬಡಿಸಲ್ಪಡುತ್ತದೆ.

ಕ್ರಿಕೆಟ್‌ನಲ್ಲಿ ಕರ್ನಾಟಕದ ಕಥೆ ಬೇರೆ. 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಹತ್ತು ವಿಕೆಟ್ ಪಡೆದಾಗ ಅಂಪೈರ್‌ಗಳು ಕರ್ನಾಟಕದ ಎ.ವಿ. ಜಯಪ್ರಕಾಶ್ ಮತ್ತು ಜಮೈಕಾದ ಸ್ಟೀವ್ ಬಕ್ನರ್. ಟೆಸ್ಟ್‌ಗೆ 1994ರಲ್ಲಿ ಒಬ್ಬರು ತಟಸ್ಥ ಅಂಪೈರ್ ಬಂದರು, 2002ರಲ್ಲಿ ಇಬ್ಬರೂ ತಟಸ್ಥರಾದರು. ಜಿ.ಆರ್. ವಿಶ್ವನಾಥ್, 2006ರಿಂದ ಜಾವಗಲ್ ಶ್ರೀನಾಥ್ ಮ್ಯಾಚ್ ರೆಫರಿಗಳಾದರು. ಆಡಿ ಹೆಸರು ಮಾಡಿದವರಿಗೆ ಆ ಬಾಗಿಲು ತೆರೆದಿರುತ್ತದೆ. ಫುಟ್‌ಬಾಲ್ ರೆಫರಿ ಪಂದ್ಯಕ್ಕೆ ಹತ್ತು ಕಿಲೋಮೀಟರಿನಷ್ಟು ಓಡಬೇಕು. ಆಟ ಬಿಟ್ಟ ಮೇಲೆ ಶುರುಮಾಡಿದರೆ ತಡವಾಯಿತು.

ಈ ಮಾತು ನಮ್ಮ ಊರುಗಳಿಗೂ ತಾಗುತ್ತದೆ. ನನ್ನಿವಾಳದಂಥ ಕಡೆ ಕಬಡ್ಡಿ, ವಾಲಿಬಾಲ್, ಟೆನಿಸ್‌ಬಾಲ್ ಕ್ರಿಕೆಟ್ಟೇ ಹೆಚ್ಚು. ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಪೀಪಿ ಇರುವುದು ಪಿ.ಟಿ. ಮಾಸ್ತರರ ಕೈಯಲ್ಲಿ. ತಮ್ಮ ಶಾಲೆಯ ತಂಡಕ್ಕೆ ಕೋಚ್ ಆದವರೇ ಪಕ್ಕದ ಅಂಕಣದಲ್ಲಿ ಅಂಪೈರ್. 1930ರ ಸೌಸೆಡೊ ಅವರ ಪಾಡು ಇಂದಿಗೂ ಇಲ್ಲಿ ನಡೆಯುತ್ತಿದೆ. ಮಾಸ್ತರರ ತಪ್ಪಲ್ಲ, ಬೇರೆ ಜನವೇ ಇಲ್ಲ. ತೀರ್ಪು ಹೇಳುವುದೂ ಕಲಿಯಬೇಕಾದ ವಿದ್ಯೆ ಎಂದು ಯಾರೂ ಹುಡುಗರಿಗೆ ಹೇಳಿಲ್ಲ.

ಜೂರಿಕ್‌ನ ಫಿಫಾ ಕಚೇರಿಯಲ್ಲಿ ಪಟ್ಟಿ ತಯಾರಾಗುವ ಹೊತ್ತಿಗೆ ಅಸಲಿ ಆಯ್ಕೆ ಮುಗಿದಿರುತ್ತದೆ. ಬಿರುಸಿನ ಪಂದ್ಯಗಳು ಯಾವ ದೇಶದಲ್ಲಿ ವರ್ಷವಿಡೀ ನಡೆಯುತ್ತವೋ, ರೆಫರಿಗೆ ಎಲ್ಲಿ ಬದುಕುವಷ್ಟು ಸಂಬಳ ಸಿಗುತ್ತದೋ ಅಲ್ಲಿಯವರೇ ಮೇಲೆ ಬರುತ್ತಾರೆ. ತಂಡದಲ್ಲಿ ಜಾಗ ಸಿಗದ, ಆದರೆ ಓಡಬಲ್ಲ, ಜಗ್ಗದ ಪಿಯು ಹುಡುಗ ಹುಡುಗಿಯರಿಗೆ ಶಾಲಾ ಕೂಟಗಳಲ್ಲೇ ಪೀಪಿ ಕೊಟ್ಟು, ದಿನಭತ್ಯೆ ಕೊಟ್ಟು, ಬೈಗುಳದಿಂದ ಕಾಪಾಡಿದರೆ ಹದಿನೇಳಕ್ಕೆ ಶುರುಮಾಡಿದವರಿಗೆ ಫಿಫಾ ವಯಸ್ಸು ತಲುಪುವಷ್ಟರಲ್ಲಿ ಎಂಟು ವರ್ಷದ ಅನುಭವ ಇರುತ್ತದೆ. ಇದಕ್ಕೆ ವಿಎಆರ್ ಬೇಕಿಲ್ಲ. ತಾಲ್ಲೂಕು ಕ್ರೀಡಾಕೂಟದ ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿದರೆ ಸಾಕು.