ಹೇಳದೆ ಬಂದು ಹೇಳದೆ ಹೋದ ಹೃದ್ರೋಗ

ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. 1960 ಮತ್ತು 70ರ ದಶಕಗಳಲ್ಲಿ ತಿರುವನಂತಪುರದ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳು ಅಪರೂಪವಾಗಿರಲಿಲ್ಲ. ಹೆಚ್ಚಿನವರು ಮಕ್ಕಳು, ಹರೆಯದವರು. ಬಹುಪಾಲು ಬಡವರ ಮನೆಯವರು. ಹೊಟ್ಟೆಯಲ್ಲಿ ತುಂಬಿದ ನೀರನ್ನು ಸೂಜಿ ಹಾಕಿ ತೆಗೆದರೆ ಕೆಲವು ದಿನ ಹಗುರ, ಆಮೇಲೆ ಮತ್ತೆ ಅದೇ ಪಾಡು. ಮೇಲ್ನೋಟಕ್ಕೆ ಯಕೃತ್ತಿನ ಕಾಯಿಲೆಯಂತೆ ಕಾಣುತ್ತಿತ್ತು. ಆದರೆ ದೋಷವಿದ್ದದ್ದು ಹೃದಯದಲ್ಲಿ.

ಹೃದಯದ ಒಳಗೋಡೆಗೆ ತೆಳುವಾದ, ನುಣುಪಾದ ಒಂದು ಪೊರೆಯ ಹೊದಿಕೆ ಇದೆ. ಈ ರೋಗದಲ್ಲಿ ಅದು ದಪ್ಪವಾಗಿ ನಾರುಗಟ್ಟುತ್ತದೆ. ಹೃತ್ಕುಕ್ಷಿಯ ತುದಿಯಿಂದ ಕವಾಟದ ಕಡೆಗೆ ಹಬ್ಬುವ ಆ ಬಿಳಿಯ ಗಟ್ಟಿ ಪದರು ಕೋಣೆಯ ಜಾಗವನ್ನೇ ನುಂಗುತ್ತಾ ಹೋಗುತ್ತದೆ. ಸ್ನಾಯು ಹಿಂಡಬಲ್ಲದು, ಹಿಗ್ಗಲಾರದು. ಹಿಗ್ಗದ ಕೋಣೆಯಲ್ಲಿ ರಕ್ತ ತುಂಬಿಕೊಳ್ಳುವುದಾದರೂ ಹೇಗೆ? ಕವಾಟವನ್ನು ಹಿಡಿದಿರುವ ಎಳೆಗಳೂ ಅದರಲ್ಲಿ ಹೂತುಹೋಗುವುದರಿಂದ ಕವಾಟ ಸರಿಯಾಗಿ ಮುಚ್ಚದೆ ಸೋರುತ್ತದೆ. ರೋಗ ಬಲಭಾಗದಲ್ಲಿದ್ದರೆ ರಕ್ತ ಹಿಂದೆ ನಿಂತು ಹೊಟ್ಟೆಯಲ್ಲಿ ನೀರು. ಎಡಭಾಗದಲ್ಲಿದ್ದರೆ ಶ್ವಾಸಕೋಶದ ಮೇಲೆ ಒತ್ತಡ, ಏದುಸಿರು. ಎಂಡೊಮಯೋಕಾರ್ಡಿಯಲ್ ಫೈಬ್ರೋಸಿಸ್ ಎಂಬ ಉದ್ದನೆಯ ಹೆಸರನ್ನು ವೈದ್ಯರು ಇ.ಎಂ.ಎಫ್. ಎಂದು ಮೊಟಕುಗೊಳಿಸಿದರು.

ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರವಾಗಿ ಬರೆದವರು ಉಗಾಂಡದಲ್ಲಿ ರೋಗಶಾಸ್ತ್ರಜ್ಞರಾಗಿದ್ದ ಜೆ. ಎನ್. ಪಿ. ಡೇವಿಸ್. ಅದು 1948ರಲ್ಲಿ. ಶವಪರೀಕ್ಷೆಯಲ್ಲಿ ಮತ್ತೆ ಮತ್ತೆ ಕಂಡ ಬಿಳಿಗಟ್ಟಿದ ಹೃದಯಗಳೇ ಅವರಿಗೆ ಆಧಾರ. ಮುಂದೆ ನೈಜೀರಿಯಾ, ಐವರಿ ಕೋಸ್ಟ್, ಮೊಜಾಂಬಿಕ್, ಬ್ರೆಜಿಲ್ ಮತ್ತು ಕೇರಳದಿಂದಲೂ ಇಂಥವೇ ವರದಿಗಳು ಬಂದವು. ನಕಾಶೆಯಲ್ಲಿ ಗುರುತು ಹಾಕಿದರೆ ಹೆಚ್ಚಿನ ಜಾಗಗಳು ಭೂಮಧ್ಯರೇಖೆಯ ಆಚೀಚೆ ಸುಮಾರು 15 ಡಿಗ್ರಿಯೊಳಗೇ ಬೀಳುತ್ತಿದ್ದವು. ಎಲ್ಲ ಕಡೆಯೂ ರೋಗಿಗಳು ಬಡವರು. ಉಗಾಂಡದಲ್ಲಂತೂ ರುವಾಂಡ, ಬುರುಂಡಿಯಿಂದ ಬಂದ ವಲಸಿಗರಲ್ಲಿ ಇದು ಎದ್ದು ಕಾಣುವಷ್ಟು ಹೆಚ್ಚಾಗಿತ್ತು.

ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟು ನೀರು ಇಳಿಸಬಹುದಿತ್ತು. ಆದರೆ ಗಟ್ಟಿಯಾದ ಪೊರೆಯನ್ನು ಮೆದುಗೊಳಿಸುವ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಉಳಿದದ್ದು ಚಾಕು. 1971ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಶಾರ್ಲ್ ದ್ಯುಬೋ ಹೃದಯವನ್ನು ತೆರೆದು, ನಾರುಗಟ್ಟಿದ ಪದರನ್ನು ಸ್ನಾಯುವಿನಿಂದ ಬಿಡಿಸಿ ತೆಗೆದರು.

ಆ ಶಸ್ತ್ರಚಿಕಿತ್ಸೆ ಭಾರತದಲ್ಲಿ ನೆಲೆಯೂರಿದ್ದು ತಿರುವನಂತಪುರದಲ್ಲಿ. ತಿರುವಾಂಕೂರಿನ ರಾಜಮನೆತನ 1973ರಲ್ಲಿ ಕೊಡುಗೆಯಾಗಿ ಕೊಟ್ಟ ಕಟ್ಟಡದಲ್ಲಿ ಶ್ರೀ ಚಿತ್ರಾ ಸಂಸ್ಥೆ ಬೆಳೆಯುತ್ತಿತ್ತು. ಇಂಗ್ಲೆಂಡ್, ಅಮೆರಿಕಗಳಲ್ಲಿ ತರಬೇತಿ ಪಡೆದ ಹೃದಯ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ 1974ರಲ್ಲಿ ಅದರ ಚುಕ್ಕಾಣಿ ಹಿಡಿದರು. ಅವರ ಕೈಗೆ ಬಂದ ರೋಗಿಗಳಲ್ಲಿ ಇ.ಎಂ.ಎಫ್. ಪೀಡಿತರೂ ಇದ್ದರು.

ಕೆಲಸ ನಾಜೂಕಿನದು. ಹೃದಯ-ಶ್ವಾಸಕೋಶ ಯಂತ್ರಕ್ಕೆ ರೋಗಿಯನ್ನು ಜೋಡಿಸಿ, ಹೃದಯವನ್ನು ನಿಲ್ಲಿಸಿ, ಸೋರುವ ಕವಾಟವನ್ನು ತೆಗೆದು, ಆ ದಾರಿಯಿಂದಲೇ ಒಳಹೊಕ್ಕು ಪದರನ್ನು ಕೆರೆದು ಬಿಡಿಸಬೇಕು. ಆಳ ತಪ್ಪಿದರೆ ಸ್ನಾಯುವಿಗೆ ಪೆಟ್ಟು. ಬಡಿತದ ವಿದ್ಯುತ್ ಸಂದೇಶ ಹಾಯುವ ಜಾಗಕ್ಕೆ ತಾಗಿದರೆ ರೋಗಿಗೆ ಜೀವನಪೂರ್ತಿ ಪೇಸ್‌ಮೇಕರ್. ಕೊನೆಗೆ ಕೃತಕ ಕವಾಟ ಹೊಲಿಯಬೇಕು. ಜಗತ್ತಿನ ಬೇರೆ ಬೇರೆ ಕಡೆಯಿಂದ ಪ್ರಕಟವಾದ ವರದಿಗಳಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೇ ನೂರಕ್ಕೆ 15ರಿಂದ 25 ಮಂದಿ ತೀರಿಕೊಳ್ಳುತ್ತಿದ್ದರು. ಉಳಿದವರು ಎದ್ದು ಓಡಾಡಿದರು. ಹಾಸಿಗೆ ಹಿಡಿದವರಿಗೆ ಅದೇ ದೊಡ್ಡ ಲಾಭ.

ಕವಾಟ ವಿದೇಶದಿಂದ ಬರಬೇಕಿತ್ತು, ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ. ವಾತಜ್ವರದಿಂದ ಕವಾಟ ಕೆಟ್ಟ ಸಾವಿರಾರು ಜನರದೂ ಇದೇ ಕಷ್ಟ. ಅದೇ ಸಂಸ್ಥೆಯಲ್ಲಿ ದೇಶೀ ಕವಾಟದ ಪ್ರಯತ್ನ ಶುರುವಾಯಿತು. ಒಂದರ ಹಿಂದೊಂದು ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದಿತು: ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಅದರೊಳಗೆ ವಾಲಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಬಿಲ್ಲೆ. 1990ರ ಡಿಸೆಂಬರ್ 6ರಂದು ಅದು ಮೊದಲ ಬಾರಿಗೆ ಮನುಷ್ಯನ ಹೃದಯ ಸೇರಿತು.

ಚಾಕುವಿನಲ್ಲಿ ಪಳಗಿದ ಕೈಗೆ ಒಂದು ಪ್ರಶ್ನೆ ಮಾತ್ರ ಸಿಕ್ಕಿರಲಿಲ್ಲ: ಈ ರೋಗ ಬರುವುದಾದರೂ ಏಕೆ? ವಲಿಯತ್ತಾನ್ ಮತ್ತು ಸಹೋದ್ಯೋಗಿಗಳು ಕೇರಳದ ಕರಾವಳಿಯ ಮರಳಿನತ್ತ ನೋಡಿದರು. ಕೊಲ್ಲಂ ಬಳಿಯ ಚವರದ ಮರಳಿನಲ್ಲಿ ಮೊನಝೈಟ್ ಎಂಬ ಖನಿಜವಿದೆ. ಅದರಲ್ಲಿ ಥೋರಿಯಂ ಜೊತೆಗೆ ಸೀರಿಯಂ ಎಂಬ ಧಾತುವೂ ಇದೆ. ಅಲ್ಲಿನ ಬಡವರ ಊಟ ಮರಗೆಣಸು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಅದೇ ಹಸಿವು ನೀಗಿಸಿತ್ತು. ಮಣ್ಣಿನ ಸೀರಿಯಂ ಗೆಡ್ಡೆ ಸೇರುತ್ತದೆ, ಗೆಡ್ಡೆಯಿಂದ ದೇಹಕ್ಕೆ; ಆಹಾರದಲ್ಲಿ ಮೆಗ್ನೀಸಿಯಂ ಕಡಿಮೆಯಿದ್ದವರ ಹೃದಯಕ್ಕೆ ಅದು ಹಾನಿ ಮಾಡುತ್ತದೆ ಎಂಬುದು ಅವರ ವಾದ. ರೋಗಿಗಳ ಹೃದಯದ ಅಂಗಾಂಶದಲ್ಲಿ ಸೀರಿಯಂ ಹೆಚ್ಚು, ಮೆಗ್ನೀಸಿಯಂ ಕಡಿಮೆ ಇದ್ದದ್ದು ಈ ವಾದಕ್ಕೆ ಬಲ ಕೊಟ್ಟಿತು. ಬೇರೆಯವರು ಹೊಟ್ಟೆಹುಳು ಮತ್ತು ಅದರಿಂದ ರಕ್ತದಲ್ಲಿ ಏರುವ ಇಯೋಸಿನೋಫಿಲ್ ಕಣಗಳತ್ತ ಬೊಟ್ಟು ಮಾಡಿದರು. ಇನ್ನು ಕೆಲವರು ಪ್ರೋಟೀನ್ ಕೊರತೆಯತ್ತ. ಯಾವ ವಾದವೂ ಎಲ್ಲ ಊರಿಗೂ ಹೊಂದಲಿಲ್ಲ.

ವಾದ ತೀರ್ಮಾನವಾಗುವ ಮೊದಲೇ ರೋಗಿಗಳು ಕಡಿಮೆಯಾಗತೊಡಗಿದರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೇರಳದ ಆಸ್ಪತ್ರೆಗಳಿಗೆ ಹೊಸ ಇ.ಎಂ.ಎಫ್. ಮಕ್ಕಳು ಬರುವುದು ಇಳಿಯುತ್ತಾ ಬಂತು; ಬಂದವರ ವಯಸ್ಸು ಏರುತ್ತಾ ಹೋಯಿತು. ಇದಕ್ಕೆ ಲಸಿಕೆ ಬಂದಿರಲಿಲ್ಲ, ಆಂದೋಲನ ನಡೆದಿರಲಿಲ್ಲ. ಚವರದ ಮರಳು ಅಲ್ಲೇ ಇತ್ತು, ಮರಗೆಣಸೂ ತಟ್ಟೆಯಲ್ಲಿತ್ತು. ಆದರೆ ಆ ತಟ್ಟೆಗೆ ಅಕ್ಕಿ, ಮೀನು, ಹಾಲು ಸೇರಿದ್ದವು. ಶಾಲೆ, ಶೌಚಾಲಯ, ಆರೋಗ್ಯ ಕೇಂದ್ರಗಳು ಊರೂರಿಗೆ ಬಂದಿದ್ದವು. ಗಲ್ಫ್‌ನಿಂದ ಹಣ ಬರುತ್ತಿತ್ತು. ಇದರಲ್ಲಿ ಯಾವುದು ರೋಗವನ್ನು ಓಡಿಸಿತು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಬದುಕು ಸುಧಾರಿಸಿದ ಕಡೆ ಅದು ಹಿಂದೆ ಸರಿಯಿತು ಎಂಬುದನ್ನಷ್ಟೇ ವೈದ್ಯರು ಒಪ್ಪುತ್ತಾರೆ.

ಸುಧಾರಿಸದ ಕಡೆ? ಮೊಜಾಂಬಿಕ್‌ನ ಕರಾವಳಿಯ ಗ್ರಾಮೀಣ ಪ್ರದೇಶವೊಂದರಲ್ಲಿ ಹೃದ್ರೋಗ ತಜ್ಞೆ ಆನಾ ಓಲ್ಗಾ ಮೊಕುಂಬಿ ಮತ್ತು ತಂಡ ಸಾವಿರಕ್ಕೂ ಹೆಚ್ಚು ಜನರ ಹೃದಯವನ್ನು ಎಕೋ ಯಂತ್ರದಲ್ಲಿ ನೋಡಿ 2008ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಐವರಲ್ಲಿ ಒಬ್ಬರಿಗೆ ಇ.ಎಂ.ಎಫ್.ನ ಗುರುತುಗಳಿದ್ದವು, ಅವರಲ್ಲಿ ಹೆಚ್ಚಿನವರಿಗೆ ಇನ್ನೂ ಯಾವ ತೊಂದರೆಯೂ ಕಾಣಿಸಿರಲಿಲ್ಲ. ರೋಗ ಭೂಮಿಯಿಂದ ಹೋಗಿರಲಿಲ್ಲ, ಕೇರಳದಿಂದ ಹೋಗಿತ್ತು.

ವಲಿಯತ್ತಾನ್ 1993ರಲ್ಲಿ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಚರಕ, ಸುಶ್ರುತ, ವಾಗ್ಭಟರ ಬಗ್ಗೆ ಗ್ರಂಥಗಳನ್ನು ಬರೆದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅವರ ಹೆಸರಿನೊಂದಿಗೆ ಜನ ನೆನೆಯುವುದು ಚಿತ್ರಾ ಕವಾಟವನ್ನು. ಅದು ಲಕ್ಷಕ್ಕೂ ಹೆಚ್ಚು ಹೃದಯಗಳನ್ನು ಸೇರಿದೆ, ನೆನೆಯುವುದು ನ್ಯಾಯವೇ. ಇ.ಎಂ.ಎಫ್. ಬಗ್ಗೆ ಅವರು ಪಟ್ಟ ಪಾಡು ಅಷ್ಟು ಜನರಿಗೆ ತಿಳಿದಿಲ್ಲ. ಆ ಶಸ್ತ್ರಚಿಕಿತ್ಸೆಯ ಅಗತ್ಯ ಇಂದು ಕೇರಳದಲ್ಲಿ ಅಪರೂಪಕ್ಕೆ ಬೀಳುತ್ತದೆ. ಮೊಜಾಂಬಿಕ್‌ನ ಮಕ್ಕಳಿಗೆ ಅದರ ಅಗತ್ಯವಿದೆ. ಅದಕ್ಕಿಂತ ಮೊದಲು, ಕೇರಳದ ಮಕ್ಕಳಿಗೆ ಸಿಕ್ಕ ಊಟ ಮತ್ತು ಶೌಚಾಲಯದ ಅಗತ್ಯವಿದೆ.